ಹಿಸ್ಕೆ ನಿಲ್ಲಿಸಿದ ಮಾತ್ರೆ

ಮಾತ್ರೆ ನಿಲ್ಲಿಸಿದ್ದನ್ನು ಹಿಸ್ಕೆ ಗಂಡನಿಗೂ ಹೇಳಿರಲಿಲ್ಲ.

ವಾರಕ್ಕೆ ಮೂರು ದಿನದ ಮಾತ್ರೆ ಅದು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ದೌವೆ ಹಾಲಿನ ಟ್ಯಾಂಕರ್ ಓಡಿಸಲು ಹೊರಡುವ ಮುಂಚೆ, ಬೂಟಿನ ದಾರ ಬಿಗಿಯುತ್ತಾ, "ನುಂಗಿದ್ಯೇನೇ ಹುಡುಗಿ?" ಎಂದು ಕೇಳುತ್ತಿದ್ದ. "ನುಂಗ್ದೆ, ನುಂಗ್ದೆ. ನೀನು ಹೊರಡು," ಎನ್ನುತ್ತಿದ್ದಳು ಹಿಸ್ಕೆ. ಅವನ ಗಾಡಿ ಬೀದಿಯ ತಿರುವು ದಾಟಿದ ಮೇಲೆ ಮಾತ್ರೆಯನ್ನು ಕಾಫಿ ಚರಟದ ಜೊತೆ ಕಸದ ಬುಟ್ಟಿಗೆ ಹಾಕುತ್ತಿದ್ದಳು. ಇಷ್ಟು ವರ್ಷದ ಸಂಸಾರದಲ್ಲಿ ಗಂಡನಿಗೆ ಹೀಗೆ ಎದುರಿಗೆ ನಿಂತು ಸುಳ್ಳು ಹೇಳಿದ್ದು ಅವಳಿಗೆ ನೆನಪಿರಲಿಲ್ಲ. ಮೊದಲ ದಿನ ಬುಟ್ಟಿಯ ಮುಚ್ಚಳ ಎರಡು ಸಲ ತೆಗೆದು ನೋಡಿದಳು. ಆಮೇಲೆ ರೂಢಿಯಾಯಿತು.

ಅವಳಿಗೆ ಚಿಕ್ಕಂದಿನಲ್ಲಿ ನಾಯಿಕೆಮ್ಮು ಬಂದು ಶ್ವಾಸನಾಳಗಳು ಸಡಿಲಾಗಿ ಹೋಗಿದ್ದವು. ಬಾಗಿದ ಸೂರುಗಾಲುವೆಯಲ್ಲಿ ನೀರು ನಿಲ್ಲುವಂತೆ ಎದೆಯೊಳಗೆ ಕಫ ನಿಲ್ಲುತ್ತಿತ್ತು. ನಿಂತದ್ದು ಕೊಳೆಯುತ್ತಿತ್ತು. ದಿನಾ ಎದ್ದ ಕೂಡಲೇ ಉಪ್ಪುನೀರಿನ ಆವಿ ಎಳೆದುಕೊಂಡು, ಊದುವ ಕೊಳವೆಯಲ್ಲಿ ಊದಿ, ಕೆಮ್ಮಿ, ಎದೆ ಖಾಲಿ ಮಾಡಿಕೊಳ್ಳದೆ ಅವಳು ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಹಾಗಿದ್ದೂ ಪ್ರತಿ ಚಳಿಗಾಲ ಜ್ವರ ಹಿಡಿದು ವಾರಗಟ್ಟಲೆ ಮಲಗುತ್ತಿದ್ದಳು. ಮೂರು ವರ್ಷದ ಹಿಂದೆ ಎದೆ ಡಾಕ್ಟರು ಈ ಆ್ಯಂಟಿಬಯಾಟಿಕ್ ಶುರು ಮಾಡಿದ ಮೇಲೆ ಜ್ವರ ನಿಂತಿತ್ತು.

ನಿಂತದ್ದು ಜ್ವರ ಮಾತ್ರ. ಸುಸ್ತು ಬಂದು ಮನೆ ಮಾಡಿಕೊಂಡಿತ್ತು. ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ. ಯಾರೋ ಮೈಯಿಂದ ಮೂಳೆ ಕಿತ್ತುಕೊಂಡು ಹೋದಂತೆ. ಆಲೂಗಡ್ಡೆ ಸುಲಿಯುತ್ತಾ ಕೂತವಳು ಚಾಕು ಕೈಯಲ್ಲೇ ಹಿಡಿದು ಗೋಡೆ ನೋಡುತ್ತಾ ಉಳಿದುಬಿಡುವಳು. ಸ್ನಾನ ಮಾಡಿದರೆ ಮೈ ಒರೆಸಿಕೊಳ್ಳುವ ಮುಂಚೆ ಮಂಚದ ತುದಿಯಲ್ಲಿ ಕೂತು ಸುಧಾರಿಸಿಕೊಳ್ಳಬೇಕು. ಹೇಳಿಕೊಂಡರೆ, "ನಂಗೂ ಸುಸ್ತೇ ಮಾರಾಯ್ತಿ, ವಯಸ್ಸಾಯ್ತಲ್ಲ," ಎನ್ನುತ್ತಿದ್ದರು ಎಲ್ಲರೂ. ಅದೊಂದು ಬೆಲೆಯಿಲ್ಲದ ಮಾತು. ಹೇಳುವುದನ್ನೇ ಬಿಟ್ಟಳು. ಅದರ ಮೇಲೆ ಹೊಟ್ಟೆ ಸದಾ ತೊಳಸುತ್ತಿತ್ತು. ಕಿವಿಯಲ್ಲಿ ಸಣ್ಣಗೆ ಗುಂಯ್ ಎನ್ನುವ ಸದ್ದು. ಒಂದು ದಿನ ಒಲೆಯ ಮೇಲಿನ ಕೆಟಲ್ ಕೂಗಿದ್ದು ಕೇಳದೆ ತಳ ಸುಟ್ಟು ಕಪ್ಪಾಯಿತು.

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಸಿಕ್ಕ ಒಬ್ಬಾತ, "ನಾನು ಅದನ್ನ ಬಿಟ್ಟೆ ನೋಡಿ, ಇಪ್ಪತ್ತು ವರ್ಷ ಚಿಕ್ಕೋನಾದೆ," ಎಂದದ್ದು ಅವಳ ತಲೆಯಲ್ಲಿ ಕೂತಿತು. ಜುಲೈನಲ್ಲಿ ಅವಳೂ ಬಿಟ್ಟಳು. ಡಾಕ್ಟರನ್ನು ಕೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಾರೆ ಎಂಬ ಭಯ.

ಮತ್ತೆ ನಿಜವಾಗಿಯೂ ಚೆನ್ನಾಯಿತು! ಹೊಟ್ಟೆ ತಣ್ಣಗಾಯಿತು. ಕಾಲು ಹಗುರಾಯಿತು. ಆ ಖುಷಿಯಲ್ಲೇ ಅವಳು ಋತುವಿನ ಕೊನೆಯ ದಾಟುನಡಿಗೆಗೆ ಮುಂದಾಳಾಗಿ ಹೆಸರು ಕೊಟ್ಟಳು.

ಹಿಸ್ಕೆಯ ಕೆಲಸ ಅದೇ. ಇಳಿತದಲ್ಲಿ ಸಮುದ್ರ ಹಿಂದೆ ಸರಿದು ತಳ ತೆರೆದುಕೊಂಡಾಗ, ಫ್ರೀಸ್‌ಲಾಂಡಿನ ಕಡಲ ಒಡ್ಡಿನಿಂದ ಆಮೆಲಾಂಡ್ ದ್ವೀಪದ ತನಕ ಜನರನ್ನು ಕೆಸರಲ್ಲಿ ನಡೆಸಿಕೊಂಡು ಹೋಗುವುದು. ಭರತ ತಿರುಗಿ ನೀರು ಏರುವ ಮುಂಚೆ ಕಡಲತಳದ ಕೊನೆಯ ಹಳ್ಳ ದಾಟಿರಬೇಕು. ಅವಳು ಮುಂದೆ ಕೋಲು ಹಿಡಿದು ದಾರಿ ನೋಡುತ್ತಿದ್ದಳು. ಅವಳ ತಮ್ಮ ಔಕೆ ಸಾಲಿನ ಕೊನೆಯಲ್ಲಿ ಹಿಂದೆ ಬಿದ್ದವರನ್ನು ಎತ್ತಿಕೊಂಡು ಬರುತ್ತಿದ್ದ. ಹತ್ತಾರು ವರ್ಷದಿಂದ ಇಬ್ಬರದ್ದೂ ಹೀಗೇ ನಡೆದಿತ್ತು.

ಸೆಪ್ಟೆಂಬರ್ ಬರುವ ಹೊತ್ತಿಗೆ ಕಫದ ಬಣ್ಣ ತಿರುಗಿತು. ಸಂಜೆಯಾದರೆ ಮೈ ಬೆಚ್ಚಗೆ. ಹಿಸ್ಕೆಗೆ ಅರ್ಥವಾಗದ ವಿಷಯವಲ್ಲ. ಆದರೆ ಡಾಕ್ಟರ ಹತ್ತಿರ ಹೋದರೆ ಮಾತ್ರೆ ಬಿಟ್ಟದ್ದು ಹೊರಬೀಳುತ್ತದೆ. ಔಕೆಗೆ ಹೇಳಿದರೆ ಕೋಲು ಕಿತ್ತುಕೊಳ್ಳುತ್ತಾನೆ. ಇದೊಂದು ದಾಟಿಬಿಡುತ್ತೇನೆ, ಆಮೇಲೆ ಚಳಿಗಾಲ ಪೂರ್ತಿ ಇದೆಯಲ್ಲ ಮಲಗಲು, ಎಂದು ತನಗೆ ತಾನೇ ಹೇಳಿಕೊಂಡಳು.

*

ಆ ದಿನದ ಗುಂಪು ದಕ್ಷಿಣದ ಬ್ರಾಬಂಟಿನ ಕಡೆಯದು, ಒಂದು ನಡಿಗೆ ಸಂಘದವರು. ಅವರಲ್ಲಿ ಟೂನ್ ಎಂಬ ಕಟುಕನಿದ್ದ. ದೊಡ್ಡ ಆಳು, ದೊಡ್ಡ ಗಂಟಲು. ಒಡ್ಡಿನ ಮೇಲೆ ಎಲ್ಲರೂ ಕಾಲಗಿಣ್ಣಿನ ಮೇಲಿನ ತನಕ ಬರುವ ಬಟ್ಟೆಯ ಶೂ ಬಿಗಿದುಕೊಳ್ಳುತ್ತಿದ್ದಾಗ ಅವನು ಹೆಂಡತಿಯ ಕಡೆ ನೋಡಿ, "ನೆಲ್ಲಿ, ಹಿಂದೆ ಉಳಿದೋರನ್ನ ಏಡಿಗಳಿಗೆ ಬಿಟ್ಟು ಬರ್ತಾರಂತೆ. ಈಗ್ಲೇ ಹೇಳಿದೀನಿ, ಆಮೇಲೆ ಬೈಬೇಡ," ಎಂದ.

"ನಿನ್ನನ್ನ ತಿಂದ್ರೆ ಏಡಿಗಳಿಗೇ ಅಜೀರ್ಣ ಆಗುತ್ತೆ, ಸುಮ್ನಿರು," ಎಂದಳು ನೆಲ್ಲಿ.

ಎಲ್ಲರೂ ನಕ್ಕರು. ಹಿಸ್ಕೆಯೂ ನಕ್ಕಳು. ನಗು ಕೆಮ್ಮಾಗಿ ತಿರುಗಿತು. ಔಕೆ ಒಂದು ಸಲ ತಿರುಗಿ ನೋಡಿದ.

"ಏನೇ ಅಕ್ಕ, ಎದೆ ಕಟ್ಟಿದ್ಯಾ?"

"ಬೆಳಿಗ್ಗೆ ಸರಿಯಾಗಿ ಖಾಲಿ ಆಗ್ಲಿಲ್ಲ ಅಷ್ಟೇ. ನಡೆದ್ರೆ ಹೋಗುತ್ತೆ."

ನಡೆದರೆ ಹೋಗಲಿಲ್ಲ. ಒಡ್ಡು ಇಳಿದ ಕೂಡಲೇ ಮೊಣಕಾಲಿನ ತನಕ ಹೂತುಕೊಳ್ಳುವ ಕೆಸರು. ಕಾಲು ಕಿತ್ತು ಇಡುವಷ್ಟರಲ್ಲಿ ಇನ್ನೊಂದು ಕಾಲು ಕೆಳಗೆ. ಆ ಕೆಸರಲ್ಲಿ ಹಿಸ್ಕೆ ಸಾವಿರ ಸಲ ನಡೆದಿದ್ದಳು. ಅವಳ ಕಾಲಿಗೆ ಅದರ ಲಯ ಗೊತ್ತಿತ್ತು. ಅವತ್ತು ಆ ಲಯ ಸಿಕ್ಕಲಿಲ್ಲ. ಕೆಸರು ಮುಗಿದು ಗಟ್ಟಿ ಮರಳು ಸಿಗುವ ಹೊತ್ತಿಗೆ ತೊಡೆಗಳು ಗಡಗಡ ನಡುಗುತ್ತಿದ್ದವು. ಅವಳು ನಿಂತು ಒಂದು ಮರಳುಹುಳ ಅಗೆದು ತೆಗೆದು, ಅದು ಮರಳನ್ನು ಹೇಗೆ ತಿಂದು ಹೇಗೆ ಹೊರಹಾಕುತ್ತದೆ ಎಂದು ವಿವರವಾಗಿ ಹೇಳಿದಳು. ಸ್ವಲ್ಪ ದೂರ ಹೋಗಿ ಮತ್ತೆ ನಿಂತು ಚಿಪ್ಪುಗಳ ಬಗ್ಗೆ. ಮತ್ತೆ ನಿಂತು ಸೀಲ್‌ಗಳ ಬಗ್ಗೆ. ಮಾತಾಡುವಾಗ ಕೋಲಿನ ಮೇಲೆ ಮೈಭಾರ ಪೂರ್ತಿ ಬಿಟ್ಟುಕೊಂಡಿದ್ದಳು. ಬಾಯಿ ಮಾತಾಡುತ್ತಿತ್ತು, ಮನಸ್ಸು ಒಂದೊಂದು ಉಸಿರನ್ನು ಹುಡುಕುತ್ತಿತ್ತು.

"ಇವತ್ತೇನು ಪಾಠ ಜೋರಾಗಿದೆ?" ಎಂದ ಔಕೆ, ಹತ್ತಿರ ಬಂದು ತಗ್ಗಿದ ದನಿಯಲ್ಲಿ. "ನೀರು ನಮ್ಮ ಪಾಠ ಕೇಳ್ಕೊಂಡು ಕೂತಿರಲ್ಲ."

"ದುಡ್ಡು ಕೊಟ್ಟು ಬಂದಿದಾರೆ, ಎರಡು ಮಾತು ಹೇಳ್ಬೇಡ್ವಾ?"

"ಎರಡು ಹೇಳು. ಇಪ್ಪತ್ತು ಹೇಳ್ಬೇಡ."

ಅವನು ಹಿಂದಕ್ಕೆ ಹೋದ. ಹಿಸ್ಕೆ ಹಲ್ಲು ಕಚ್ಚಿ ಹೊರಟಳು. ಈ ಸಲ ನಿಲ್ಲಲಿಲ್ಲ. ನಿಂತರೆ ಮತ್ತೆ ಹೊರಡಲಾಗುವುದಿಲ್ಲ ಎಂದು ಅವಳಿಗೆ ತಿಳಿದುಹೋಗಿತ್ತು. ಕಣ್ಣ ಮುಂದಿನ ಮರಳು ನೋಡುತ್ತಾ, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಬೆನ್ನ ಹಿಂದೆ ಏನಿದೆ ಎಂಬ ಯೋಚನೆಯೇ ಇಲ್ಲ. ಹಿಂದೆ ಏನಾದರೂ ಆದರೆ ಔಕೆ ಶಿಳ್ಳೆ ಊದುತ್ತಾನೆ. ಅದು ಇಬ್ಬರ ನಡುವಿನ ಒಪ್ಪಂದ.

ಔಕೆ ಶಿಳ್ಳೆ ಊದಿದ್ದ. ಒಂದಲ್ಲ, ಮತ್ತೆ ಮತ್ತೆ ಊದಿದ್ದ. ಒಂದು ತಗ್ಗಿನ ಕೆಸರಲ್ಲಿ ನೆಲ್ಲಿ ಸೊಂಟದ ತನಕ ಇಳಿದು ಸಿಕ್ಕಿಕೊಂಡಿದ್ದಳು. ಕೈ ಹಾಕಿ ಎಳೆಯಲು ಮುಂದಿನವರು ಬೇಕಿತ್ತು. ಮುಂದಿನವರು ತಮ್ಮ ಮುಂದಾಳು ನಿಲ್ಲುತ್ತಿಲ್ಲವಲ್ಲ ಎಂದು ಹಿಂದೆ ಮುಂದೆ ನೋಡುತ್ತಾ ಹಿಸ್ಕೆಯ ಬೆನ್ನು ಹಿಡಿದಿದ್ದರು. ಕೊನೆಗೆ ಯಾರೋ ಓಡಿ ಬಂದು ಅವಳ ಜಾಕೆಟ್ ಹಿಡಿದು ಎಳೆದಾಗ ಅವಳು ತಿರುಗಿದಳು. ಸಾಲು ಎರಡಾಗಿತ್ತು. ದೂರದಲ್ಲಿ ಉಳಿದವರು ಸಣ್ಣ ಸಣ್ಣ ಕಡ್ಡಿಗಳಂತೆ ಕಾಣುತ್ತಿದ್ದರು.

ನೆಲ್ಲಿಯನ್ನು ಮೇಲೆತ್ತಿ ಎಲ್ಲರೂ ಮತ್ತೆ ಕೂಡಿಕೊಳ್ಳುವಷ್ಟರಲ್ಲಿ ಕೈಯಲ್ಲಿದ್ದ ಹೊತ್ತು ಸೋರಿಹೋಯಿತು. ಔಕೆಯ ಮುಖ ಕೆಂಪಾಗಿತ್ತು.

"ಊದಿ ಊದಿ ನನ್ನ ಬಾಯಿ ಬಿದ್ದುಹೋಯ್ತು! ನಿನಗೆ ಕಿವಿ ಇದ್ಯೋ ಇಲ್ವೋ?"

"ಗಾಳಿ ಕಣೋ. ಗಾಳಿ ಆ ಕಡೆಗೆ..."

"ಗಾಳಿ ನನ್ನ ಬೆನ್ನಿಗಿದೆ, ಅಕ್ಕ. ನಿನ್ನ ಕಡೆಗೇ ಬೀಸ್ತಾ ಇದೆ."

ಗಾಳಿ ನಿಜವಾಗಿಯೂ ಹಿಸ್ಕೆಯ ಮುಖಕ್ಕೇ ಬೀಸುತ್ತಿತ್ತು. ಆ ಶಿಳ್ಳೆಯ ಸದ್ದಿನ ಚೂರೂ ತನ್ನ ಕಿವಿಗೆ ಬಿದ್ದಿರಲಿಲ್ಲ. ಅವಳ ಹಿಂದೆ ಇಷ್ಟು ಜೀವಗಳಿದ್ದವು, ಅವಳು ಕಿವುಡಿಯಂತೆ ಮುಂದೆ ನಡೆದಿದ್ದಳು.

*

ಕೊನೆಯ ಹಳ್ಳದ ದಂಡೆಗೆ ಬಂದಾಗ ನೀರಿನ ಹರಿವು ತಿರುಗಿಯಾಗಿತ್ತು. ನೊರೆಯ ಗೆರೆಗಳು ಒಳನಾಡಿನ ಕಡೆಗೆ ಸಾಗುತ್ತಿದ್ದವು. ಆಚೆ ದಡದ ನಂತರ ದ್ವೀಪದ ಹುಲ್ಲುಗಾವಲು ಹಸಿರು ಗೀಟಿನಂತೆ ಕಾಣುತ್ತಿತ್ತು. ನಡುವೆ ಅಗಲವಾದ ಮರಳುದಿಣ್ಣೆ, ಅದರಾಚೆ ಇನ್ನೂ ಕೆಸರು.

ಹಿಸ್ಕೆ ಕೋಲಿನಿಂದ ಆಳ ನೋಡುತ್ತಾ ನೀರಿಗಿಳಿದಳು. ತೊಡೆ, ಸೊಂಟ. ತಣ್ಣೀರು ಹೊಟ್ಟೆಗೆ ತಾಕಿದಾಗ ಕೆಮ್ಮು ಎದ್ದಿತು. ಅದು ನಿಲ್ಲಲಿಲ್ಲ. ಬಾಗಿ, ಬಾಯಿಗೆ ಅಂಗೈ ಅಡ್ಡ ಹಿಡಿದು ಕೆಮ್ಮಿದಳು. ಕೈ ತೆಗೆದು ನೋಡಿದರೆ ಅಂಗೈಯಲ್ಲಿ ರಕ್ತ. ಕೂಡಲೇ ನೀರಲ್ಲಿ ಅದ್ದಿ ತೊಳೆದಳು. ತಿರುಗಿ ದಂಡೆಯ ಕಡೆ ಬರಲು ನೋಡಿದಳು. ಕಾಲು ಬರಲಿಲ್ಲ. ನೋವಿಲ್ಲ, ಸೆಳೆತವಿಲ್ಲ. ಸುಮ್ಮನೆ ಬರಲಿಲ್ಲ. ಎರಡು ಕಂಬ ನೆಟ್ಟಂತೆ ಅಲ್ಲೇ ನಿಂತುಬಿಟ್ಟಿದ್ದವು.

ಔಕೆ ನೀರಿಗೆ ನುಗ್ಗಿ ಬಂದು ತೋಳು ಹಿಡಿದ. "ಏನಾಯ್ತು?"

ಹಿಸ್ಕೆ ಅವನ ಮುಖ ನೋಡಿದಳು. ಇನ್ನು ಒಂದು ಸುಳ್ಳು ಹೇಳಿದರೆ ಅದರ ಬೆಲೆ ತೆರುವವರು ದಂಡೆಯ ಮೇಲೆ ನಿಂತಿದ್ದವರು.

"ಔಕೆ, ನನ್ನ ಕೈಲಾಗಲ್ಲ. ಮಾತ್ರೆ ಬಿಟ್ಟು ಎರಡು ತಿಂಗಳಾಯ್ತು. ವಾರದಿಂದ ಜ್ವರ. ಈಗ ರಕ್ತ ಬಂತು. ಕಿವಿ ಸರಿಯಾಗಿ ಕೇಳಿಸ್ತಿಲ್ಲ. ಕೋಲು ತಗೋ."

ಔಕೆ ಕೋಲು ತೆಗೆದುಕೊಂಡ. "ದೌವೆಗೆ ಗೊತ್ತಾ?"

"ಇಲ್ಲ."

"ನೀನು... ಇಷ್ಟು ಜನರನ್ನ ಕರ್ಕೊಂಡು... ನಾನು ಏನಂತ ಬೈಲಿ ನಿನ್ನ?"

"ಆಮೇಲೆ ಬೈ. ನೀರು ಏರ್ತಾ ಇದೆ. ಇವ್ರನ್ನ ದಾಟಿಸು. ನನಗೆ ಒಂದು ವೈರ್‌ಲೆಸ್ ಕೊಟ್ಟು ಇಲ್ಲೇ ಬಿಡು, ದೋಣಿ ಬರೋ ತನಕ ಇರ್ತೀನಿ."

"ಬಿಡ್ತೀನಿ ನೋಡು! ಅಮ್ಮನಿಗೆ ಏನು ಹೇಳ್ಲಿ?"

"ಅಮ್ಮ ಸತ್ತು ಏಳು ವರ್ಷ ಆಯ್ತು, ಔಕೆ."

"ಅದಕ್ಕೇ ಹೆದರಿಕೆ. ಮೇಲಿಂದ ಎಲ್ಲಾನೂ ನೋಡ್ತಿರ್ತಾಳೆ," ಎಂದ ಔಕೆ.

ಅಷ್ಟರಲ್ಲಿ ಟೂನ್ ಸೊಂಟ ಮಟ್ಟದ ನೀರಲ್ಲಿ ದಬದಬನೆ ಬಂದ. "ನಿಮ್ಮಿಬ್ಬರ ಜಗಳ ಆಚೆ ದಡದಲ್ಲಿ ಮುಂದುವರಿಸಿ. ಏನ್ ಮಾಡ್ಬೇಕು ಹೇಳಿ. ಈ ಅಮ್ಮನ್ನ ಹೊರ್ಬೇಕಾ? ನಾನು ಅರ್ಧ ಹಸು ಹೆಗಲ ಮೇಲೆ ಹಾಕ್ಕೊಂಡು ನಡೀತೀನಿ, ಇವ್ರೇನು ಮಹಾ."

ಔಕೆ ಒಂದು ಕ್ಷಣ ಕಣ್ಣು ಮುಚ್ಚಿ ತೆರೆದ. ಆಮೇಲೆ ಅವನು ಮುಂದಾಳಾದ. ಒಳಗೆ ನೀರು ಹೋಗದ ಎರಡು ಬೆನ್ನಚೀಲಗಳನ್ನು ಗಾಳಿ ತುಂಬಿ ಬಾಯಿ ಬಿಗಿದು ಒಂದಕ್ಕೊಂದು ಕಟ್ಟಿದ. ಹಿಸ್ಕೆಯನ್ನು ಅದರ ಮೇಲೆ ಅಂಗಾತ ಮಲಗಿಸಿ ಕಂಕುಳ ಕೆಳಗೆ ಹಗ್ಗ ಸುತ್ತಿದ. ಟೂನ್ ತಲೆಯ ಕಡೆ, ಔಕೆ ಮುಂದೆ ಕೋಲು ಹಿಡಿದು. ಉಳಿದವರು ಒಬ್ಬರ ತೋಳಿಗೊಬ್ಬರು ತೋಳು ಹೆಣೆದು ಸಾಲಾಗಿ ಇಳಿದರು. ನಡುವೆ ನೀರು ಎದೆಗೆ ಬಂತು, ಗಿಡ್ಡಗಿದ್ದವರಿಗೆ ಗಲ್ಲಕ್ಕೆ. ನೆಲ್ಲಿ ಹೆದರಿ ಅಳುತ್ತಾ, ಅಳುತ್ತಲೇ ಹೆಜ್ಜೆ ಇಡುತ್ತಾ ಬಂದಳು. ಹಿಸ್ಕೆಗೆ ಮೇಲಿನ ಬೂದು ಆಕಾಶ ಮತ್ತು ಟೂನ್‌ನ ಮೂಗಿನ ತುದಿಯಿಂದ ತೊಟ್ಟಿಕ್ಕುವ ನೀರು ಬಿಟ್ಟು ಬೇರೇನೂ ಕಾಣಲಿಲ್ಲ. ತಾನು ದಾಟಿಸಬೇಕಾದವರು ತನ್ನನ್ನು ದಾಟಿಸುತ್ತಿದ್ದರು. ಆ ನಾಚಿಕೆಯಲ್ಲಿ ಅವಳ ಮುಖ ತಣ್ಣೀರಲ್ಲೂ ಸುಟ್ಟಿತು.

ಎಲ್ಲರೂ ದಿಣ್ಣೆ ಹತ್ತಿದರು. ಔಕೆ ವೈರ್‌ಲೆಸ್‌ನಲ್ಲಿ ದ್ವೀಪದ ರಕ್ಷಣಾ ದೋಣಿಯವರನ್ನು ಹಿಡಿದ. ದಿಣ್ಣೆಯ ಸುತ್ತ ಇನ್ನಷ್ಟು ನೀರು ತುಂಬಿದರೆ ಮಾತ್ರ ದೋಣಿ ಹತ್ತಿರ ಬರಬಹುದು, ಅಲ್ಲಿಯ ತನಕ ಕಾಯಬೇಕು ಎಂದರು. ಗುಂಪು ಕಾಯುವಂತಿರಲಿಲ್ಲ; ಮುಂದಿನ ಕೆಸರು ಮುಳುಗುವ ಮುಂಚೆ ಅವರು ದ್ವೀಪ ಮುಟ್ಟಬೇಕು. ಆ ಕೆಸರಲ್ಲಿ ಒಬ್ಬರನ್ನು ಹೊತ್ತು ಬೇಗ ನಡೆಯಲಾಗದು; ಹಿಸ್ಕೆಯನ್ನೂ ಜೊತೆಗೊಬ್ಬರನ್ನೂ ದಿಣ್ಣೆಯ ಮೇಲೆ ಬಿಡದೆ ದಾರಿಯಿರಲಿಲ್ಲ.

"ನಾನಿರ್ತೀನಿ," ಎಂದ ಟೂನ್.

"ಟೂನ್!" ಎಂದಳು ನೆಲ್ಲಿ.

"ನೀನು ಹೋಗು. ಬಿಸಿ ಬಟಾಣಿ ಸೂಪು ತೆಗೆದಿಡು ನಂಗೆ. ಹೋಗೇ!"

ಔಕೆ ಎರಡನೇ ವೈರ್‌ಲೆಸ್ಸನ್ನು ಟೂನ್ ಕೈಯಲ್ಲಿಟ್ಟು, ಅಕ್ಕನ ಜಾಕೆಟ್ಟಿನ ಜಿಪ್ಪನ್ನು ಗಂಟಲ ತನಕ ಎಳೆದ. ತಿರುಗಿ ಹೊರಟವನು ಒಮ್ಮೆಯೂ ಹಿಂದೆ ನೋಡಲಿಲ್ಲ. ನೋಡಿದರೆ ಹೋಗಲಾಗುವುದಿಲ್ಲ ಎಂದು ಹಿಸ್ಕೆಗೆ ಗೊತ್ತಿತ್ತು.

*

ದಿಣ್ಣೆ ಸಣ್ಣದಾಗುತ್ತಾ ಬಂತು. ಮೊದಲು ನೀರು ದೂರದಲ್ಲಿ ಮಿಂಚುತ್ತಿತ್ತು. ಆಮೇಲೆ ಮರಳಿನ ಗೆರೆಗಳ ನಡುವೆ ಬೆರಳುಗಳಂತೆ ತೂರಿಕೊಂಡು ಬಂತು. ಆಮೇಲೆ ಪಾದದ ಮೇಲೆ. ಟೂನ್ ಅವಳ ಬೆನ್ನಚೀಲವನ್ನು ತನ್ನ ಹೆಗಲಿಗೆ ನೇತುಹಾಕಿಕೊಂಡು, ಅವಳನ್ನು ಎತ್ತಿ ನಿಲ್ಲಿಸಿ, ಹಿಂದಿನಿಂದ ಎರಡೂ ತೋಳು ಸುತ್ತಿ, ತನ್ನ ಎದೆಗೆ ಒರಗಿಸಿಕೊಂಡ.

"ಕ್ಷಮಿಸಿ," ಎಂದಳು ಹಿಸ್ಕೆ.

"ನಿಂತ್ಕೊಳ್ಳೋ ಕೆಲಸ ನಂಗೆ ಹೊಸದಲ್ಲ. ಅಂಗಡೀಲಿ ದಿನಾ ನಿಲ್ತೀನಿ. ನೀವು ಮಾತಾಡ್ತಾ ಇರಿ. ನಿದ್ದೆ ಹೋಗ್ಬೇಡಿ. ಅದ್ಯಾವ ಮಾತ್ರೆ?"

ಹಲ್ಲು ಕಟಕಟಿಸುತ್ತಾ, ನಡುನಡುವೆ ಕೆಮ್ಮುತ್ತಾ ಹಿಸ್ಕೆ ಹೇಳಿದಳು. ಎಲ್ಲವನ್ನೂ ಹೇಳಿದಳು. ಗಂಡನಿಗೆ ಹೇಳದ್ದು, ತಮ್ಮನಿಗೆ ಹೇಳದ್ದು, ಕಾಫಿ ಚರಟ, ಆಲೂಗಡ್ಡೆ, ಗೋಡೆ.

"ಅಲ್ಲ, ಸುಸ್ತು ಅಂತ ಯಾರಿಗೂ ಹೇಳ್ಲೇ ಇಲ್ವಾ?"

"ಹೇಳಿದ್ರೆ ಯಾರು ನಂಬ್ತಾರೆ? ನೋಡೋಕೆ ಗಟ್ಟಿಮುಟ್ಟಾಗಿದೀನಿ. ಕೆನ್ನೆ ಕೆಂಪಗಿದೆ. ಸಮುದ್ರದ ಗಾಳಿ ಕುಡಿಯೋಳು ಅಂತಾರೆ ಎಲ್ರೂ."

"ನಿಜ, ನಾನೂ ನಂಬ್ತಿರ್ಲಿಲ್ಲ," ಎಂದ ಟೂನ್. "ಬೆಳಿಗ್ಗೆ ನಿಮ್ಮನ್ನ ನೋಡಿ, ಈ ಹೆಂಗಸು ನಮ್ಮನ್ನೆಲ್ಲ ನಡೆಸಿ ಕೊಲ್ತಾಳೆ ಅಂದ್ಕೊಂಡೆ." ಜಾರುತ್ತಿದ್ದ ಅವಳನ್ನು ಮೇಲೆತ್ತಿ ಹಿಡಿದುಕೊಂಡ. "ಈಗ ನಿಮ್ಮನ್ನ ಹಿಡ್ಕೊಂಡಿದೀನಲ್ಲ, ಈಗ ನಂಬ್ತೀನಿ. ನಿಮ್ಮ ಮೈಯಲ್ಲಿ ಏನೂ ಇಲ್ಲ. ಒದ್ದೆ ಗೋಣಿಚೀಲ ಹಿಡ್ಕೊಂಡ ಹಾಗಿದೆ."

ಹಿಸ್ಕೆಗೆ ಅಳು ಬಂತು. ಆ ಒರಟು ಮಾತು ಅವಳಿಗೆ ಅಷ್ಟು ಸಮಾಧಾನ ಕೊಟ್ಟಿತು.

ನೀರು ಮೊಣಕಾಲಿಗೆ ಬಂತು. ಸೆಳೆತ ಕಾಲಡಿಯ ಮರಳನ್ನು ಕೆರೆದು ತೆಗೆಯುತ್ತಿತ್ತು. ನಿಂತಲ್ಲೇ ಇಬ್ಬರೂ ಕೆಳಗಿಳಿಯುತ್ತಿದ್ದರು. ಟೂನ್ ಆಗಾಗ ಅವಳನ್ನು ಎತ್ತಿ ಬೇರೆ ಕಡೆ ಕಾಲೂರುತ್ತಿದ್ದ. ಅವನ ತೊಡೆಗಳೂ ನಡುಗತೊಡಗಿದ್ದು ಅವಳಿಗೆ ಬೆನ್ನಿನಲ್ಲಿ ತಿಳಿಯುತ್ತಿತ್ತು. ಜೋಕು ನಿಂತಿತು. ವೈರ್‌ಲೆಸ್‌ನಲ್ಲಿ ಗರಗರ ಮಾತು ಬಂತು. ಹಿಸ್ಕೆಗೆ ಅದೂ ತಿಳಿಯಲಿಲ್ಲ.

"ಏನಂತೆ?"

"ಬರ್ತಾ ಇದೀವಿ ಅಂತೆ. ಕಾಣಿಸ್ತಿಲ್ವಂತೆ ನಾವು."

"ನನ್ನ ಬೆನ್ನಚೀಲದ ಪಕ್ಕದ ಜೇಬಲ್ಲಿ ಹೊಗೆಬತ್ತಿ ಇದೆ. ಕಿತ್ತಳೆ ಬಣ್ಣದ್ದು. ಮುಚ್ಚಳ ತಿರುಗಿಸಿ ದಾರ ಎಳೀಬೇಕು. ಗಾಳಿ ಬೆನ್ನಿಗಿರ್ಲಿ. ಮುಖದ ಹತ್ರ ಹಿಡೀಬೇಡಿ."

ಟೂನ್ ಒಂದು ಕೈಯಲ್ಲಿ ಅವಳನ್ನು ಹಿಡಿದು, ಇನ್ನೊಂದು ಕೈಯಲ್ಲಿ ತಡಕಾಡಿ ತೆಗೆದ. ಮುಚ್ಚಳ ಹಲ್ಲಿನಿಂದ ಕಚ್ಚಿ ತಿರುಗಿಸಿದ. ದಾರ ಅವಳು ಎಳೆದಳು. ಮೊದಲ ಸಲ ಬೆರಳು ಜಾರಿತು. ಎರಡನೇ ಸಲ ದಾರವನ್ನು ಮಣಿಕಟ್ಟಿಗೆ ಸುತ್ತಿ ಮೈಭಾರ ಹಾಕಿ ಎಳೆದಳು. ಕಿತ್ತಳೆ ಹೊಗೆ ಭುಸ್ಸೆಂದು ಎದ್ದು ನೀರಿನ ಮೇಲೆ ಒರಗಿಕೊಂಡು ಹರಡಿತು.

"ಕೇಳಿಸ್ತಾ?" ಎಂದ ಟೂನ್ ಸ್ವಲ್ಪ ಹೊತ್ತಾದ ಮೇಲೆ. ಅವನ ದನಿ ಒಡೆದಿತ್ತು. "ಎಂಜಿನ್ನು. ಕೇಳಿಸ್ತಾ?"

ಅವಳಿಗೆ ಕೇಳಿಸಲಿಲ್ಲ. ಅವನ ಎದೆ ನಗುವಿನಲ್ಲಿ ಕುಲುಕಿದ್ದು ಮಾತ್ರ ತಿಳಿಯಿತು. ಆಗ ನೀರು ಅವಳ ಸೊಂಟ ಮುಟ್ಟಿತ್ತು.

*

ಲೇವಾರ್ಡನ್ನಿನ ಆಸ್ಪತ್ರೆಯಲ್ಲಿ ಅವಳಿಗೆ ಎರಡು ವಾರ ರಕ್ತನಾಳದ ಮೂಲಕ ಔಷಧಿ ಹಾಕಿದರು. ಗುಂಪಿನವರೆಲ್ಲ ಸುರಕ್ಷಿತವಾಗಿ ದ್ವೀಪ ಮುಟ್ಟಿದ ಸುದ್ದಿಯನ್ನು ದೌವೆ ಹೇಳಿದ. ದಿನಾ ಬಂದು, ಒಗೆದ ರಾತ್ರಿ ಉಡುಪು ಕಪಾಟಿನಲ್ಲಿಟ್ಟು, ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದ. ನಾಲ್ಕನೇ ದಿನ ಮಾತು ಬಂತು.

"ತಪ್ಪದೆ ಕೇಳ್ತಿದ್ದೆ ನಾನು. ಪೆದ್ದನ ಹಾಗೆ ತಪ್ಪದೆ ಕೇಳ್ತಿದ್ದೆ."

"ನೀನು ಕೇಳ್ತಿದ್ದದ್ದು ಮಾತ್ರೆ ಬಗ್ಗೆ, ದೌವೆ," ಎಂದಳು ಹಿಸ್ಕೆ. "ನಂದು ತಪ್ಪು, ಒಪ್ತೀನಿ. ಆದ್ರೆ ಹೇಗಿದೀಯ ಅಂತ ಕೇಳಿ ಎಷ್ಟು ದಿನ ಆಗಿತ್ತು?"

ದೌವೆ ಎದ್ದು ಹೊರಗೆ ಹೋದ. ಬಹಳ ಹೊತ್ತಾದ ಮೇಲೆ ಎರಡು ಲೋಟ ಕಾಫಿ ಹಿಡಿದು ಬಂದು, ಈ ಸಲ ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡು ಕೂತ.

ಎದೆ ಡಾಕ್ಟರು ವಿಯೆರ್ಸ್ಮಾ ಬೈಯಲಿಲ್ಲ. ಅದೇ ಹಿಸ್ಕೆಗೆ ಕಷ್ಟವಾಯಿತು.

"ಸುಸ್ತು ಮಾತ್ರೆಯಿಂದಲೇ ಬಂದಿತ್ತಾ, ಡಾಕ್ಟ್ರೇ?"

"ಸ್ವಲ್ಪ ಇರಬಹುದು. ಹೊಟ್ಟೆ ಕೆಟ್ಟು ಕೆಟ್ಟು ಮೈ ಸೋತಿರುತ್ತೆ. ಆದರೆ ಹೆಚ್ಚಿನದು ಕಾಯಿಲೆಯದೇ. ನಿಮ್ಮ ಎದೆ ದಿನವಿಡೀ ಒಳಗೇ ಹೋರಾಡ್ತಾ ಇರುತ್ತೆ, ನೀವು ಕೂತಿದ್ದಾಗಲೂ. ಎಷ್ಟು ಭಾಗ ಯಾವುದರದು ಅಂತ ನಾನು ಅಳತೆ ಮಾಡಿ ಹೇಳಲಾರೆ. ಕಿವಿಯದು ಮಾತ್ರ ಮಾತ್ರೆಯದೇ ಅನ್ನಿಸುತ್ತೆ. ಕೆಟಲ್ ಸುಟ್ಟ ದಿನ ಬಂದು ಹೇಳಿದ್ದಿದ್ರೆ ಅವತ್ತೇ ಬದಲಾಯಿಸ್ತಿದ್ದೆ."

"ಬಿಟ್ಟ ಮೇಲೆ ಚೆನ್ನಾಗೇ ಇತ್ತು. ನಿಜವಾಗ್ಲೂ."

"ಇದ್ದೇ ಇರುತ್ತೆ. ತೊಂದರೆ ಕೂಡಲೇ ಹೋಗುತ್ತೆ, ಸೋಂಕು ನಿಧಾನಕ್ಕೆ ಬರುತ್ತೆ. ನಡುವಿನ ಆ ದಿನಗಳು ಎಲ್ಲರಿಗೂ ಮೋಸ ಮಾಡ್ತವೆ."

ಕಫದಲ್ಲಿ ಸುಲಭಕ್ಕೆ ಜಗ್ಗದ ಬೇರೊಂದು ಕೀಟಾಣು ಮನೆ ಮಾಡಿತ್ತು. ಹಳೆಯ ಮಾತ್ರೆ ಮತ್ತೆ ಶುರು ಮಾಡದೆ, ಆವಿಯಾಗಿ ಎಳೆದುಕೊಳ್ಳುವ ಇನ್ನೊಂದು ಆ್ಯಂಟಿಬಯಾಟಿಕ್ ಕೊಟ್ಟರು. ಬೆಳಿಗ್ಗೆ, ಸಂಜೆ, ಬಹುಶಃ ಇನ್ನು ಜೀವಮಾನ ಪೂರ್ತಿ. ಕಿವಿಯ ಗುಂಯ್ ಸದ್ದು ಕ್ರಮೇಣ ಕಡಿಮೆಯಾಯಿತು. ಎತ್ತರದ ಸ್ವರಗಳು ಕೆಲವು ಮರಳಿದವು, ಕೆಲವು ಮರಳಲಿಲ್ಲ.

ಮಾರ್ಗದರ್ಶಕರ ಸಂಘಕ್ಕೆ ಅವಳೇ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿ ಪರವಾನಗಿ ಮೇಜಿನ ಮೇಲಿಟ್ಟು ಬಂದಳು. ಯಾರೂ ಬೇಡ ಎನ್ನಲಿಲ್ಲ. ಮನೆಗೆ ಬಂದು ಮಧ್ಯಾಹ್ನವೇ ಹಾಸಿಗೆಗೆ ಬಿದ್ದು ಮಾರನೆಯ ದಿನ ಎದ್ದಳು. ಟೂನ್ ಒಂದು ದೊಡ್ಡ ಪೊಟ್ಟಣ ಒಣ ಸಾಸೇಜು ಕಳಿಸಿದ್ದ. ಔಕೆ ಮಾತ್ರ ಬರಲಿಲ್ಲ. ಫೋನು ಮಾಡಲಿಲ್ಲ. ಅವನ ಹೆಂಡತಿ ಹೇಳಿದಳು, ರಾತ್ರಿ ಬೆಚ್ಚಿ ಎದ್ದು ಕೂರುತ್ತಾನಂತೆ, ಸಾಲಿನಲ್ಲಿ ಒಬ್ಬರು ಕಡಿಮೆ ಇದ್ದಾರೆ ಎನ್ನುತ್ತಾನಂತೆ.

ನವೆಂಬರಿನಲ್ಲಿ ಔಕೆಯ ಹುಟ್ಟುಹಬ್ಬ ಬಂತು. ಕರೆ ಬರಲಿಲ್ಲ, ಆದರೆ ಹುಟ್ಟುಹಬ್ಬಕ್ಕೆ ಕರೆಯುವ ಪದ್ಧತಿ ಅವರ ಮನೆಯಲ್ಲಿ ಎಂದೂ ಇರಲಿಲ್ಲ. ಹಿಸ್ಕೆ, ದೌವೆ ಹೋದರು. ಕುರ್ಚಿಗಳು ಗೋಡೆಗುಂಟ ವೃತ್ತಾಕಾರವಾಗಿ. ಅಲ್ಲಿನ ರೂಢಿಯಂತೆ ಎಲ್ಲರ ಕೈ ಕುಲುಕಿ, ಎಲ್ಲರಿಗೂ ಶುಭಾಶಯ ಹೇಳಿ, ಕೇಕು ಕಾಫಿ ಹಿಡಿದು ಕೂತದ್ದಾಯಿತು. ಔಕೆ ಅವಳ ಕೈಯನ್ನೂ ಕುಲುಕಿದ. ಮುಖ ನೋಡಲಿಲ್ಲ.

ಎರಡನೇ ಸುತ್ತಿನ ಕಾಫಿ ಬರುವಷ್ಟರಲ್ಲಿ ಹಿಸ್ಕೆಯ ಮೈಯಿಂದ ಎಲ್ಲ ಇಳಿದುಹೋಯಿತು. ಕೈಯಲ್ಲಿದ್ದ ತಟ್ಟೆ ಭಾರವಾಯಿತು. ಎದುರಿಗಿದ್ದವರ ಮಾತು ಕೇಳಿಸುತ್ತಿತ್ತು, ಅರ್ಥ ಹತ್ತುತ್ತಿರಲಿಲ್ಲ. ಹಿಂದಾಗಿದ್ದರೆ ನಗುತ್ತಾ ಕೂತು, ಬಚ್ಚಲಿಗೆ ಹೋಗಿ ಗೋಡೆಗೆ ಒರಗಿ ನಿಂತು ಬರುತ್ತಿದ್ದಳು. ಅವಳು ತಟ್ಟೆಯನ್ನು ನೆಲದ ಮೇಲಿಟ್ಟಳು.

"ನಂಗೆ ಆಗ್ತಿಲ್ಲ," ಎಂದಳು, ಎಲ್ಲರ ಎದುರಿಗೆ. "ನಾನು ಮಲಗ್ಬೇಕು. ಈಗ್ಲೇ."

ಮಾತು ನಿಂತಿತು. ಸೋದರತ್ತೆಯೊಬ್ಬಳು, "ಅಯ್ಯೋ, ಚೆನ್ನಾಗೇ ಕಾಣ್ತಿದೀಯಲ್ಲೇ," ಎಂದಳು.

"ಕಾಣೋದು ಬೇರೆ," ಎಂದ ಔಕೆ. ಅದು ಅವನು ಅಷ್ಟು ವಾರಗಳಲ್ಲಿ ಅವಳ ಬಗ್ಗೆ ಆಡಿದ ಮೊದಲ ಮಾತು. ಎದ್ದು ಬಂದು ಅವಳ ಮೊಣಕೈ ಹಿಡಿದು, ಮಲಗುವ ಕೋಣೆಗೆ ನಡೆಸಿಕೊಂಡು ಹೋದ. ಮಂಚದ ಮೇಲೆ ಬಂದವರೆಲ್ಲರ ಕೋಟುಗಳು ಗುಡ್ಡೆ ಬಿದ್ದಿದ್ದವು. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಔಕೆ ಆ ಗುಡ್ಡೆಯನ್ನು ಎರಡೂ ತೋಳಲ್ಲಿ ಬಾಚಿಕೊಂಡು ಹೊರಗೆ ಮೆಟ್ಟಿಲ ಮೇಲೆ ಸುರಿದು ಬಂದ.

"ಇನ್ನೂ ಕೋಪ ಇದ್ಯಾ?" ಎಂದಳು ಹಿಸ್ಕೆ.

"ಇದೆ. ತುಂಬ ಇದೆ." ಅವಳನ್ನು ಮಂಚದ ಮೇಲೆ ಮಲಗಿಸಿ, ಹೊದಿಕೆ ಬಿಡಿಸಿ ಅವಳ ಕಾಲ ಮೇಲೆ ಎಳೆದ. "ಸಾಸಿವೆ ಸೂಪು ಮಾಡಿದಾರೆ. ಎದ್ದ ಮೇಲೆ ತಿನ್ನು. ನಿನಗೆ ಅಂತ ತೆಗೆದಿಡಕ್ಕೆ ಹೇಳ್ತೀನಿ."

ಅವನು ಪರದೆ ಎಳೆದು, ಬಾಗಿಲು ಸದ್ದಾಗದ ಹಾಗೆ ಮುಚ್ಚಿಕೊಂಡು ಹೋದ. ಆಚೆ ಯಾರೋ ತಮ್ಮ ಕೋಟು ಎಲ್ಲಿ ಹೋಯಿತು ಎಂದು ಕೇಳುತ್ತಿದ್ದರು.